ವಿರೋಧ ಪಕ್ಷದ ನಾಯಕರಿಗೆ ವೋಟಿನಲ್ಲೇ ಪಾಠ: ಬ್ರಿಟನ್ನಿನಲ್ಲಿ ಇದು ನಡೆಯುವ ಮಾತಾ?

ಥೇಮ್ಸ್ ದಡದವ:

ಇಲ್ಲಿನ ನಮ್ಮವರ ಬಾಯಲ್ಲಿ ಒಂದು ಮಾತು ಪದೇ ಪದೇ ಕೇಳುತ್ತಿದ್ದೇನೆ. "ಪಕ್ಷ ನಮ್ಮದೇ, ನಾಯಕ ಮಾತ್ರ ಬೇಡ. ಅದಕ್ಕೆ ಈ ಸಲ ಎದುರಿನವರಿಗೆ ಒತ್ತುತ್ತೇವೆ, ಬುದ್ಧಿ ಬರಲಿ." ಒತ್ತುವುದಕ್ಕೆ ಇಲ್ಲಿ ಬಟನ್ ಇಲ್ಲ, ಪೆನ್ಸಿಲ್ ಹಿಡಿದು ಗುಣಿಸು ಗುರುತು ಹಾಕಬೇಕು. ಅದಿರಲಿ.

ಸರ್ಕಾರ ನಡೆಸುತ್ತಿರುವವರನ್ನು ಇಳಿಸಲು ಲೆಕ್ಕ ಹಾಕಿ ವೋಟು ಹಾಕುವುದು ಬೇರೆ. ವಿರೋಧ ಪಕ್ಷದ ನಾಯಕರಿಗೆ ಏಟು ಕೊಡಲು ಹಾಕುವುದು ಬೇರೆ. ಎರಡನೆಯದು ಬಹಳ ಸಲ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಗುತ್ತದೆ ಅನ್ನುವುದು ನನ್ನ ವಾದ.

2005ರ ಮೇ ಚುನಾವಣೆ ನೋಡಿ. ಲೇಬರ್ ಪಕ್ಷದ ಟೋನಿ ಬ್ಲೇರ್ ಪ್ರಧಾನಿ. ಕನ್ಸರ್ವೇಟಿವ್ ಪಕ್ಷ ವಿರೋಧದಲ್ಲಿದೆ, ನಾಯಕ ಮೈಕಲ್ ಹೋವರ್ಡ್. ಮೂರನೇ ಪಕ್ಷವಾದ ಲಿಬರಲ್ ಡೆಮಾಕ್ರಾಟರು ಒಂದು ಲೆಕ್ಕ ಹಾಕಿದರು. ಕನ್ಸರ್ವೇಟಿವ್ ದೊಡ್ಡ ತಲೆಗಳ ಕೆಲವು ಕ್ಷೇತ್ರಗಳಲ್ಲಿ ಎರಡನೇ ಸ್ಥಾನದಲ್ಲಿದ್ದದ್ದು ಇವರೇ. ಅಲ್ಲಿ ಲೇಬರ್ ಗೆಲ್ಲುವ ಮಾತೇ ಇಲ್ಲ. ಆ ಲೇಬರ್ ಮತದಾರರು ಒಂದು ಸಲ ಈ ಕಡೆ ಬಂದರೆ ಸಾಕು, ಒಂದೇ ರಾತ್ರಿಯಲ್ಲಿ ಛಾಯಾ ಸಂಪುಟದ (ಗೆದ್ದರೆ ಮಂತ್ರಿಗಳಾಗಲು ವಿರೋಧ ಪಕ್ಷ ಸಜ್ಜಾಗಿಟ್ಟ ತಂಡ) ಅರ್ಧ ಖಾಲಿ. ಇದಕ್ಕೆ ಡಿಕ್ಯಾಪಿಟೇಶನ್ ಸ್ಟ್ರಾಟಜಿ ಎಂದು ಹೆಸರು ಬಿತ್ತು, ತಲೆ ಕಡಿಯುವ ತಂತ್ರ.

ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಛಾಯಾ ಹಣಕಾಸು ಸಚಿವ ಆಲಿವರ್ ಲೆಟ್ವಿನ್ ವೆಸ್ಟ್ ಡಾರ್ಸೆಟ್‌ನಲ್ಲಿ 2001ರಲ್ಲಿ ಗೆದ್ದಿದ್ದು ಬರೀ 1,414 ಮತಗಳಿಂದ. ಛಾಯಾ ಗೃಹ ಸಚಿವ ಡೇವಿಡ್ ಡೇವಿಸ್ 1,903. ಟಿಮ್ ಕಾಲಿನ್ಸ್ 3,147. ಥೆರೆಸಾ ಮೇ 3,284. ನಾಯಕ ಹೋವರ್ಡ್ ಕೂಡ 5,907 ಅಷ್ಟೇ.

ಆಮೇಲೆ ಏನಾಯಿತು? ಲೆಟ್ವಿನ್ ಅಂತರ 2,461ಕ್ಕೆ ಏರಿತು. ಡೇವಿಸ್ 5,116. ಮೇ 6,231. ಹೋವರ್ಡ್ ಅಂತೂ 11,680, ಹೆಚ್ಚುಕಡಿಮೆ ಎರಡರಷ್ಟು. ಸೋತವರು ಟಿಮ್ ಕಾಲಿನ್ಸ್ ಒಬ್ಬರೇ. ಲಿಬರಲ್ ಡೆಮಾಕ್ರಾಟರು ಅತ್ತ ತಲೆಗಳ ಹಿಂದೆ ಓಡುತ್ತಾ ಇತ್ತ ತಮ್ಮದೇ ಗಿಲ್ಫರ್ಡ್ ಸೀಟನ್ನು 347 ಮತಗಳಿಂದ ಕಳೆದುಕೊಂಡರು. ಕನ್ಸರ್ವೇಟಿವ್‌ನಿಂದ 3 ಸೀಟು ಗೆದ್ದರು, ಅವರಿಗೇ 5 ಬಿಟ್ಟುಕೊಟ್ಟರು. ಅಂದು ಥೆರೆಸಾ ಮೇ ಅವರ ಮೇಡನ್‌ಹೆಡ್‌ನಲ್ಲಿ ಗುರಿ ಮುಟ್ಟಿದ್ದರೆ 2016ರಲ್ಲಿ ಅವರು ಪ್ರಧಾನಿ ಆಗುತ್ತಲೇ ಇರಲಿಲ್ಲವೇನೋ.

ನಿಮಗೆ ಏನನ್ನಿಸುತ್ತದೆ? ಬೈಯಬೇಕೆಂದಿದ್ದರೂ ಅಂಕಿ ಇಟ್ಟುಕೊಂಡು ಬೈಯಿರಿ.

ಹೊಸದಾಗಿ ಬಂದವಳು:

ಸರ್, ಬುಡದ ಪ್ರಶ್ನೆ ಒಂದು. ಅವರ ಸೀಟನ್ನೇ ಯಾಕೆ ಹುಡುಕಿಕೊಂಡು ಹೋಗಬೇಕು? ನಮ್ಮ ಊರಿನಲ್ಲೂ ವೋಟು ಕ್ಷೇತ್ರಕ್ಕೇ ಹಾಕುವುದು. ಆದರೂ ದೊಡ್ಡ ನಾಯಕರನ್ನು ಸೋಲಿಸಬೇಕು ಅಂತ ಯಾರೂ ಇಷ್ಟು ಗಣಿತ ಮಾಡಿದ್ದು ಕೇಳಿಲ್ಲ.

ಅಂಕಿ ಸಂಖ್ಯೆ:

ಅಯ್ಯೋ ಮೇಡಂ, ನಮ್ಮೂರಿನಲ್ಲಿ ಗಣಿತ ಇಲ್ಲ ಅಂತ ಯಾರು ಹೇಳಿದ್ದು! ದೊಡ್ಡವರು ಎರಡೆರಡು ಕಡೆ ನಾಮಪತ್ರ ಹಾಕುವುದು ಮತ್ತೆ ಯಾಕೆ? 2018ರಲ್ಲಿ ಸಿದ್ದರಾಮಯ್ಯ ಚಾಮುಂಡೇಶ್ವರಿಯಲ್ಲಿ ಸೋತು ಬಾದಾಮಿಯಲ್ಲಿ ಗೆದ್ದಿದ್ದು ನೆನಪಿದೆ ಅಲ್ವಾ. ಇಲ್ಲಿ ಆ ಸೌಲಭ್ಯ ಇಲ್ಲ. ಒಬ್ಬರಿಗೆ ಒಂದೇ ಕ್ಷೇತ್ರ. ಅಲ್ಲಿ ಸೋತರೆ ಸಂಸತ್ತಿನಿಂದ ಹೊರಗೆ, ನಾಯಕತ್ವವೂ ಹೋದಂತೆಯೇ. 2019ರಲ್ಲಿ ಲಿಬರಲ್ ಡೆಮಾಕ್ರಾಟರ ನಾಯಕಿ ಜೋ ಸ್ವಿನ್ಸನ್ ಈಸ್ಟ್ ಡನ್‌ಬಾರ್ಟನ್‌ಶೈರ್‌ನಲ್ಲಿ 149 ಮತಗಳಿಂದ ಸೋತರು. ಮಾರನೇ ದಿನವೇ ನಾಯಕಿ ಸ್ಥಾನ ಖಾಲಿ. ಆದ್ದರಿಂದ ಇಲ್ಲಿ ನಾಯಕರ ಸೀಟಿನ ಮೇಲೆ ಕಣ್ಣು ಜಾಸ್ತಿ.

ಈಗ ಥೇಮ್ಸ್ ಅವರ ವಾದಕ್ಕೆ ಬರುತ್ತೇನೆ. ನೀವು ಸೋತ ಒಂದು ಸೀಟನ್ನು ತೀರಾ ಬೇಗ ದಾಟಿಬಿಟ್ಟಿರಿ. ವೆಸ್ಟ್‌ಮೊರ್ಲಂಡ್ ಅಂಡ್ ಲಾನ್ಸ್‌ಡೇಲ್, ಅಂದರೆ ಕೆಂಡಲ್, ವಿಂಡರ್‌ಮಿಯರ್ ಸರೋವರದ ಕಡೆ. 2001ರಲ್ಲಿ ಕಾಲಿನ್ಸ್‌ಗೆ 22,486 ಮತ, ಟಿಮ್ ಫ್ಯಾರನ್‌ಗೆ 19,339, ಲೇಬರ್‌ಗೆ 5,234. 2005ರಲ್ಲಿ ಕಾಲಿನ್ಸ್ 22,302, ಫ್ಯಾರನ್ 22,569, ಲೇಬರ್ 3,796. ಕಾಲಿನ್ಸ್ ವೋಟು ಕರಗಲೇ ಇಲ್ಲ, 184 ಕಡಿಮೆ ಅಷ್ಟೇ. ಲೇಬರ್‌ನದು 1,400ಕ್ಕೂ ಜಾಸ್ತಿ ಇಳಿದಿದೆ. ಸೋಲಿನ ಅಂತರ 267. ಆ ಲೇಬರ್ ಮತದಾರರು ಮನೆಯಲ್ಲಿ ಕೂತಿದ್ದರೆ ಅಥವಾ ಹಳೆಯ ಚಿಹ್ನೆಗೇ ಹಾಕಿದ್ದರೆ ಕಾಲಿನ್ಸ್ ಉಳಿಯುತ್ತಿದ್ದರು. ತಂತ್ರ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕ ಬೇಕಾ?

ಥೇಮ್ಸ್ ದಡದವ:

ಲೆಕ್ಕ ಸರಿ ಇದೆ, ಒಪ್ಪಿದೆ. ಆದರೆ ಕಾಲಿನ್ಸ್ ಯಾರು? ಛಾಯಾ ಶಿಕ್ಷಣ ಸಚಿವರು. ಅವರು ಹೋಗಿದ್ದರಿಂದ ಪಕ್ಷದ ದಾರಿ ಬದಲಾಯಿತಾ? ಹೋವರ್ಡ್ ತಮ್ಮ ಕ್ಷೇತ್ರದಲ್ಲಿ ಭರ್ಜರಿಯಾಗಿ ಗೆದ್ದ ಮಾರನೇ ದಿನವೇ ನಾಯಕತ್ವ ಬಿಡುತ್ತೇನೆ ಎಂದರು. ಯಾಕೆ? ದೇಶದಲ್ಲಿ ಪಕ್ಷ 198 ಸೀಟಿಗೆ ನಿಂತಿತ್ತು. ಲೇಬರ್ 35.2 ಶೇಕಡಾ ಮತಕ್ಕೇ 355 ಸೀಟು ಎತ್ತಿಕೊಂಡು ಹೋಗಿತ್ತು. ನಾಯಕನನ್ನು ಇಳಿಸಿದ್ದು ದೇಶದ ಲೆಕ್ಕ. ಅವನ ಬೀದಿಯಲ್ಲಿ ಮಾಡಿದ ತಂತ್ರ ಅಲ್ಲ.

ಇನ್ನೊಂದು ವಿಷಯ. "ನಿಮ್ಮ ತಲೆ ತೆಗೆಯುತ್ತೇವೆ" ಎಂದು ಊರೆಲ್ಲಾ ಸಾರಿಕೊಂಡು ಬಂದರೆ ಆ ಮನುಷ್ಯ ಸುಮ್ನೆ ಕೂರುತ್ತಾನಾ? ಹೆದರಿದ ಅಭ್ಯರ್ಥಿ ಮನೆ ಮನೆ ಸುತ್ತುತ್ತಾನೆ. ಅವನ ಪಕ್ಷ ದುಡ್ಡು, ಜನ ಎಲ್ಲಾ ಅಲ್ಲಿಗೇ ಸುರಿಯುತ್ತದೆ. ಆಲಸ್ಯದಿಂದ ಮನೆಯಲ್ಲಿ ಉಳಿಯುತ್ತಿದ್ದ ಅವನ ಮತದಾರನೂ ಎದ್ದು ಬರುತ್ತಾನೆ. ಜೊತೆಗೆ ಲಿಬರಲ್ ಡೆಮಾಕ್ರಾಟರ ಆ ವರ್ಷದ ಸರಕು ನೋಡಿ: ಇರಾಕ್ ಯುದ್ಧ ತಪ್ಪು, ಕಾಲೇಜು ಫೀಸು ಬೇಡ, ಶ್ರೀಮಂತರಿಗೆ ತೆರಿಗೆ ಜಾಸ್ತಿ. ಮ್ಯಾಂಚೆಸ್ಟರ್, ಕೇಂಬ್ರಿಜ್‌ನಲ್ಲಿ ಲೇಬರ್ ಮೇಲೆ ಸಿಟ್ಟಾದವರಿಗೆ ಇದು ಚೆನ್ನಾಗಿ ಹಿಡಿಸಿತು, ಸೀಟೂ ಬಂತು. ಡಾರ್ಸೆಟ್ ಹಳ್ಳಿಯ ಕನ್ಸರ್ವೇಟಿವ್ ರೈತನಿಗೆ ಹಿಡಿಸುತ್ತದಾ?

ರೆಡಿಂಗ್ ರಾಗಿಮುದ್ದೆ:

ಮಜಾ ಏನು ಗೊತ್ತಾ? ತಲೆ ಕಡಿಯಲು ಹೋಗಿ ಗೆದ್ದ ಅದೇ ಫ್ಯಾರನ್ 2015ರಲ್ಲಿ ತಾವೇ ಪಕ್ಷದ ನಾಯಕ ಆದರು. 2017ರಲ್ಲಿ ಅವರದೇ ತಲೆ 777 ಮತಗಳಿಂದ ಉಳಿಯಿತು. 😄

ಹಳೇ ಲೇಬರ್:

ನಾನು 2019ರಲ್ಲಿ ಬೇಕಂತಲೇ ಲೇಬರ್‌ಗೆ ವೋಟು ಹಾಕದವನು. ಈ ದೇಶಕ್ಕೆ ಬಂದಾಗಿನಿಂದ ಲೇಬರ್, ಯೂನಿಯನ್ ಸದಸ್ಯ ಬೇರೆ. ಇಲ್ಲಿ ಕೆಲವರು ನಮ್ಮಂಥವರನ್ನು ದ್ರೋಹಿಗಳ ಹಾಗೆ ಮಾತಾಡಿಸುತ್ತಾರೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಆಗಿನ ಲೇಬರ್ ನಾಯಕ ಜೆರೆಮಿ ಕಾರ್ಬಿನ್ ಬೇಡ ಎಂದು 2016ರಲ್ಲಿ ಅವರ ಸಂಸದರೇ ಹೇಳಿದ್ದರು. ಅವಿಶ್ವಾಸಕ್ಕೆ 172 ವೋಟು, ಕಾರ್ಬಿನ್ ಕಡೆ 40. ಆದರೂ ಏನೂ ಆಗಲಿಲ್ಲ. ಪಕ್ಷದ ನಿಯಮದಂತೆ ನಾಯಕನನ್ನು ಆರಿಸುವುದು ಸದಸ್ಯರು. ಅವರು ಸೆಪ್ಟೆಂಬರ್‌ನಲ್ಲಿ 61.8 ಶೇಕಡಾ ಕೊಟ್ಟು ಅವರನ್ನೇ ಮತ್ತೆ ಕೂರಿಸಿದರು. ಸಂಸದರ ಕೈಲೇ ಆಗದ್ದು ನನ್ನಂಥ ಮತದಾರನಿಂದ ಆಗುತ್ತದಾ? ನನ್ನ ಹತ್ತಿರ ಇದ್ದದ್ದು ಆ ಒಂದು ಚೀಟಿ, ಒಂದು ಪೆನ್ಸಿಲ್.

ಚುನಾವಣೆಗೆ ತಿಂಗಳು ಮುಂಚೆ ಲೇಬರ್ ಬಿಟ್ಟಿದ್ದ ಇಬ್ಬರು, ಇಯಾನ್ ಆಸ್ಟಿನ್ ಮತ್ತು ಜಾನ್ ವುಡ್‌ಕಾಕ್, ಬಹಿರಂಗವಾಗಿಯೇ ಹೇಳಿದರು: ಕಾರ್ಬಿನ್ ಪ್ರಧಾನಿ ಆಗಬಾರದು, ಅದಕ್ಕೆ ಬೋರಿಸ್ ಜಾನ್ಸನ್ ಅವರ ಕನ್ಸರ್ವೇಟಿವ್ ಪಕ್ಷಕ್ಕೆ ಹಾಕಿ. ಅಷ್ಟು ದೂರ ನಾನು ಹೋಗಲಿಲ್ಲ, ಲಿಬರಲ್ ಡೆಮಾಕ್ರಾಟರಿಗೆ ಹಾಕಿದೆ. ಲೇಬರ್ 202 ಸೀಟಿಗೆ ಇಳಿಯಿತು, 1935ರ ನಂತರ ಅತಿ ಕಡಿಮೆ. ಆ ರಾತ್ರಿಯೇ ಕಾರ್ಬಿನ್ ಮುಂದಿನ ಚುನಾವಣೆಗೆ ನಾನು ನಾಯಕನಾಗಿ ಇರುವುದಿಲ್ಲ ಎಂದರು. ಏಪ್ರಿಲ್‌ನಲ್ಲಿ ಕೀರ್ ಸ್ಟಾರ್ಮರ್ ನಾಯಕರಾಗಿ ಬಂದರು. ನಮ್ಮ ಉದ್ದೇಶ ಈಡೇರಿತು ಅಲ್ವಾ? ಇದನ್ನು ಗುರಿ ತಪ್ಪಿದ ಏಟು ಅನ್ನುವುದು ಹೇಗೆ?

ಥೇಮ್ಸ್ ದಡದವ:

ಹಿರಿಯರೇ, ನಿಮ್ಮನ್ನು ದ್ರೋಹಿ ಅನ್ನುವವನು ನಾನಲ್ಲ. ಆದರೆ ಆ ರಾತ್ರಿ ಮನೆಗೆ ಹೋದವರ ಹೆಸರು ನೋಡಿ. ಡಾನ್ ವ್ಯಾಲಿಯ ಕ್ಯಾರೊಲೈನ್ ಫ್ಲಿಂಟ್. ವೇಕ್‌ಫೀಲ್ಡ್‌ನ ಮೇರಿ ಕ್ರೇ. ಸ್ಟೋಕ್ ನಾರ್ತ್‌ನ ರೂತ್ ಸ್ಮೀತ್. ಟೋನಿ ಬ್ಲೇರ್ ಹಳೆಯ ಕ್ಷೇತ್ರ ಸೆಡ್ಜ್‌ಫೀಲ್ಡ್‌ನ ಫಿಲ್ ವಿಲ್ಸನ್. ನಾಲ್ಕೂ ಜನ ಕಾರ್ಬಿನ್‌ ವಿರುದ್ಧ ಪಕ್ಷದ ಒಳಗೇ ಗುದ್ದಾಡುತ್ತಿದ್ದವರು. ಕಾರ್ಬಿನ್? ಇಸ್ಲಿಂಗ್ಟನ್ ನಾರ್ತ್‌ನಲ್ಲಿ 26,188 ಅಂತರ. ಅವರ ಹಳೆಯ ಗೆಳತಿ ಡಯಾನ್ ಅಬಟ್ ಹ್ಯಾಕ್ನಿಯಲ್ಲಿ 33,188.

ನಾಯಕನ ಜೊತೆಗಾರರು ಸಾಮಾನ್ಯವಾಗಿ ಭದ್ರವಾದ ಸೀಟಿನಲ್ಲಿ ಇರುತ್ತಾರೆ. ಅಲುಗಾಡುವ ಸೀಟಿನಲ್ಲಿ ಇರುವವರು ಎದುರು ಪಕ್ಷದ ಮತದಾರರನ್ನೂ ಒಲಿಸಬೇಕು. ಅದಕ್ಕೇ ಅವರು ನಾಯಕನಿಂದ ಸ್ವಲ್ಪ ದೂರ ನಿಲ್ಲುತ್ತಾರೆ. ನೀವು ನಾಯಕನಿಗೆ ಎಸೆದ ಕಲ್ಲು ಅವರ ತಲೆಗೆ ಬೀಳುತ್ತದೆ.

ಅಂಕಿ ಸಂಖ್ಯೆ:

ಬೇಕಾದ ಹೆಸರನ್ನು ಮಾತ್ರ ಆರಿಸಿ ಹೇಳಬೇಡಿ. ನಾರ್ತ್ ವೆಸ್ಟ್ ಡರಂನಲ್ಲಿ ಲಾರಾ ಪಿಡ್‌ಕಾಕ್ 1,144 ಮತಗಳಿಂದ ಸೋತರು. ಕಾರ್ಬಿನ್ ಆದ ಮೇಲೆ ಅವರೇ ನಾಯಕಿ ಅಂತ ಪತ್ರಿಕೆಗಳಲ್ಲಿ ಬರುತ್ತಿತ್ತು. ಆ ಒಂದು ಸೋಲಿನಿಂದ ಕಾರ್ಬಿನ್ ಬಣಕ್ಕೆ ಉತ್ತರಾಧಿಕಾರಿಯೇ ತಪ್ಪಿಹೋದರು.

ಥೇಮ್ಸ್ ದಡದವ:

ಪಿಡ್‌ಕಾಕ್ ವಿಷಯ ನ್ಯಾಯವಾದದ್ದೇ. ಆದರೆ ಅಲ್ಲಿ ಬ್ರೆಕ್ಸಿಟ್ ಎಷ್ಟು, ಕಾರ್ಬಿನ್ ಎಷ್ಟು ಅಂತ ಬೇರೆ ಮಾಡಿ ತೂಗಲು ಆಗುತ್ತದಾ? ಮತಪತ್ರದಲ್ಲಿ ಕಾರಣ ಬರೆಯಲು ಜಾಗ ಇಲ್ಲ. ಸೋತ ಪಕ್ಷ ತನಗೆ ಬೇಕಾದ ಕಾರಣ ಬರೆದುಕೊಳ್ಳುತ್ತದೆ. 2019ರ ಸೋಲಿಗೆ ಕಾರ್ಬಿನ್ ಬೆಂಬಲಿಗರು ಬ್ರೆಕ್ಸಿಟ್ ಎಂದರು, ವಿರೋಧಿಗಳು ಕಾರ್ಬಿನ್ ಎಂದರು. ಇವತ್ತಿಗೂ ಹಾಗೇ ಹೇಳುತ್ತಿದ್ದಾರೆ.

ಪಟ್ನಿ ಸೇತುವೆ:

ಈ ಚರ್ಚೆಯಲ್ಲಿ ಪಟ್ನಿ ಬರಲೇಬೇಕು, ನಮ್ಮ ಕನ್ನಡಿಗರಿಗೆ ಅದು ಹತ್ತಿರದ ಸೀಟು. ಕಲಬುರಗಿಯ ಡಾ. ನೀರಜ್ ಪಾಟೀಲ್ ಗೊತ್ತಲ್ಲ? ಲ್ಯಾಂಬೆತ್‌ನ ಮೇಯರ್ ಆಗಿದ್ದವರು, ಥೇಮ್ಸ್ ದಂಡೆಯ ಬಸವಣ್ಣನವರ ಪ್ರತಿಮೆಗೆ ಓಡಾಡಿದವರು. 2017ರಲ್ಲಿ ಅವರು ಪಟ್ನಿಯಲ್ಲಿ ಲೇಬರ್ ಅಭ್ಯರ್ಥಿ. ಎದುರಿಗೆ ಶಿಕ್ಷಣ ಸಚಿವೆ ಜಸ್ಟಿನ್ ಗ್ರೀನಿಂಗ್. 2015ರಲ್ಲಿ ಅವರ ಅಂತರ 10,180 ಇತ್ತು. ಪಾಟೀಲರು ಅದನ್ನು 1,554ಕ್ಕೆ ಇಳಿಸಿದರು. ಲಿಬರಲ್ ಡೆಮಾಕ್ರಾಟರು ಆ ಅಂತರಕ್ಕಿಂತ ಎಷ್ಟೋ ಜಾಸ್ತಿ ಮತ ತೆಗೆದುಕೊಂಡು ಮೂರನೇ ಸ್ಥಾನದಲ್ಲಿ ಇದ್ದರು. ಅವರಲ್ಲಿ ಒಂದು ಪಾಲು ಈ ಕಡೆ ಬಂದಿದ್ದರೆ ಸಂಸತ್ತಿನಲ್ಲಿ ಒಬ್ಬ ಕನ್ನಡಿಗ ಕೂರುತ್ತಿದ್ದರು. "ಪಾಟೀಲರು ಒಳ್ಳೆಯವರು, ಆದರೆ ಕಾರ್ಬಿನ್‌ಗೆ ಬಲ ಕೊಟ್ಟಂತೆ ಆಗುತ್ತದೆ" ಎಂದು ಆಗ ನಮ್ಮ ಬೀದಿಯಲ್ಲೇ ಕೇಳಿದ್ದೇನೆ.

ಇನ್ನೂ ವಿಚಿತ್ರ ಏನೆಂದರೆ, 2019ರಲ್ಲಿ ದೇಶದ ತುಂಬ ಲೇಬರ್ ನೆಲಕಚ್ಚಿದಾಗ ಹೊಸದಾಗಿ ಗೆದ್ದ ಒಂದೇ ಒಂದು ಸೀಟು ಇದೇ ಪಟ್ನಿ. ಫ್ಲ್ಯೂರ್ ಆಂಡರ್ಸನ್, 4,774 ಅಂತರ. ಅದೇ ಕಾರ್ಬಿನ್, ಅದೇ ಪಕ್ಷ. ಇಲ್ಲಿನ ಜನಕ್ಕೆ ಅಷ್ಟರಲ್ಲಿ ಬ್ರೆಕ್ಸಿಟ್ ತಡೆಯುವುದು ಮುಖ್ಯವಾಗಿತ್ತು, ನಾಯಕನ ಮುಖ ಆಮೇಲೆ.

ರೆಡಿಂಗ್ ರಾಗಿಮುದ್ದೆ:

ಪಟ್ನಿಯಿಂದ ಸ್ವಲ್ಪ ದೂರದಲ್ಲೇ ಕೆನ್ಸಿಂಗ್ಟನ್ ಇದೆಯಲ್ಲ, ಅದನ್ನೂ ಹೇಳಿಬಿಡಿ. 2019ರಲ್ಲಿ ಅಲ್ಲಿ ಲೇಬರ್ 150 ಮತಗಳಿಂದ ಸೋತಿತು. ಕನ್ಸರ್ವೇಟಿವ್ ಬಿಟ್ಟು ಬಂದಿದ್ದ ಸ್ಯಾಮ್ ಜೀಮಾ ಲಿಬರಲ್ ಡೆಮಾಕ್ರಾಟ್ ಆಗಿ ನಿಂತು 9,312 ಮತ ತೆಗೆದುಕೊಂಡರು. ಯಾರಿಗೆ ಹಾಕಿದರೆ ಕನ್ಸರ್ವೇಟಿವ್ ಸೋಲುತ್ತದೆ ಎಂದು ಹೇಳಲು ವೆಬ್‌ಸೈಟುಗಳೇ ಇದ್ದವು. ಒಂದು ಹೀಗೆ ಹೇಳಿದರೆ ಇನ್ನೊಂದು ಹಾಗೆ.

ಪಾಂಪ್ಲೆಟ್ಟುಗಳ ಕಥೆ ಕೇಳಲೇಬೇಡಿ. ಲೆಟರ್ ಬಾಕ್ಸಿನಿಂದ ದಿನಾ ಒಂದು ಬೀಳುತ್ತದೆ. ಒಂದರ ಮೇಲೆ ಬಾರ್ ಚಾರ್ಟ್. ಎರಡು ಉದ್ದ ಕಂಬ, ಮೂರನೆಯದು ಹೆಬ್ಬೆರಳಿನಷ್ಟು. "ಇಲ್ಲಿ ಇರುವುದು ಇಬ್ಬರ ನಡುವಿನ ಸ್ಪರ್ಧೆ ಮಾತ್ರ." ಕೆಳಗೆ ಇರುವೆ ಅಕ್ಷರದಲ್ಲಿ, ಇದು ಕಳೆದ ಕೌನ್ಸಿಲ್ ಚುನಾವಣೆಯ ಅಂಕಿ. ನಾನು ಒಂದು ಸಲ ಸ್ಕೇಲ್ ಇಟ್ಟು ಅಳೆದೆ. ಕಂಬಕ್ಕೂ ಅಂಕಿಗೂ ಸಂಬಂಧವೇ ಇರಲಿಲ್ಲ.

ಬೆಲ್‌ಗ್ರೇವ್ ರೋಡ್:

ನಾನು ಲೆಸ್ಟರ್‌ನವನು. ನೀವೆಲ್ಲಾ ಹಳೆಯ ಕಥೆ ಹೇಳುತ್ತಿದ್ದೀರಿ. 2024ರ ಜುಲೈ 4ರಂದು ಇಲ್ಲಿ ನಡೆದಿದ್ದನ್ನು ನೋಡಿದ್ದರೆ ವಿರೋಧ ಪಕ್ಷದ ನಾಯಕತ್ವಕ್ಕೆ ಏಟು ಬೀಳುವುದಿಲ್ಲ ಅಂತ ಹೇಳುತ್ತಿರಲಿಲ್ಲ.

ಅಂದಿನವರೆಗೂ ಲೇಬರ್ ವಿರೋಧ ಪಕ್ಷ, ಸ್ಟಾರ್ಮರ್ ನಾಯಕ. ಗಾಜಾ ವಿಷಯದಲ್ಲಿ ಅವರ ನಿಲುವಿನ ಮೇಲೆ ಇಲ್ಲಿನ ಮುಸ್ಲಿಂ ಮತದಾರರಿಗೆ, ಎಷ್ಟೋ ಎಡಪಂಥೀಯ ಯುವಕರಿಗೆ ವಿಪರೀತ ಸಿಟ್ಟು. ಲೆಸ್ಟರ್ ಸೌತ್‌ನಲ್ಲಿ ಜಾನಥನ್ ಆಶ್‌ವರ್ತ್, ಛಾಯಾ ಸಂಪುಟದವರು, ಟಿವಿಯಲ್ಲಿ ಸದಾ ಕಾಣುವ ಮುಖ. 2019ರಲ್ಲಿ ಅವರ ಅಂತರ 22,675. ಯಾರಾದರೂ ಸೋಲುತ್ತಾರೆ ಎಂದುಕೊಳ್ಳುತ್ತಾರಾ? ಕಣ್ಣಿನ ಡಾಕ್ಟರ ಅಂಗಡಿ ನಡೆಸುತ್ತಿದ್ದ ಪಕ್ಷೇತರ ಶೌಕತ್ ಆಡಂ 979 ಮತಗಳಿಂದ ಗೆದ್ದರು. ಮಂತ್ರಿ ಆಗಬೇಕಿದ್ದವರು ಎಣಿಕೆ ಹಾಲ್‌ನಿಂದ ಬರಿಗೈಯಲ್ಲಿ ಹೋದರು.

ಇಲ್ಲಿ ಮಾತ್ರ ಅಲ್ಲ. ಬ್ರಿಸ್ಟಲ್ ಸೆಂಟ್ರಲ್‌ನಲ್ಲಿ ಛಾಯಾ ಸಂಸ್ಕೃತಿ ಸಚಿವೆ ತಂಗಂ ಡೆಬನೇರ್ ಗ್ರೀನ್ ಪಕ್ಷದ ಕಾರ್ಲಾ ಡೆನಿಯರ್ ಎದುರು ಹತ್ತು ಸಾವಿರಕ್ಕೂ ಜಾಸ್ತಿ ಮತಗಳಿಂದ ಸೋತರು. ಇಲ್‌ಫರ್ಡ್ ನಾರ್ತ್‌ನಲ್ಲಿ ವೆಸ್ ಸ್ಟ್ರೀಟಿಂಗ್ 528 ಮತಗಳಿಂದ ಉಳಿದುಕೊಂಡು ಮಾರನೇ ದಿನ ಆರೋಗ್ಯ ಸಚಿವರಾದರು. ಸ್ಟಾರ್ಮರ್‌ಗೇ ಅವರ ಹೋಬರ್ನ್‌ನಲ್ಲಿ 2019ರಲ್ಲಿ 36,641 ಮತ ಬಂದಿತ್ತು, ಈ ಸಲ 18,884. ದೇಶ ಗೆದ್ದ ನಾಯಕನ ಸ್ವಂತ ಕ್ಷೇತ್ರದ ಮತ ಅರ್ಧಕ್ಕೆ ಇಳಿದಿತ್ತು!

ಹಳೇ ಲೇಬರ್:

ಮತ್ತೆ ಅವರೇ ಹೊರಗೆ ಹಾಕಿದ್ದ ಕಾರ್ಬಿನ್ ಪಕ್ಷೇತರನಾಗಿ ನಿಂತು ಇಸ್ಲಿಂಗ್ಟನ್‌ನಲ್ಲಿ 7,247 ಅಂತರದಿಂದ ಗೆದ್ದರು. ನನಗೆ ಆ ಮನುಷ್ಯನ ರಾಜಕೀಯ ಹಿಡಿಸುವುದಿಲ್ಲ. ಆದರೂ ಅಂದು ನಗು ಬಂತು.

ನಿರ್ವಾಹಕರು:

ಗಾಜಾ ಬಗ್ಗೆ ಯಾರು ಸರಿ, ಯಾರು ತಪ್ಪು ಎನ್ನುವ ಆರು ಪ್ರತಿಕ್ರಿಯೆಗಳನ್ನು ತೆಗೆದಿದ್ದೇವೆ. ಇಲ್ಲಿ ಮತದಾನದ ಲೆಕ್ಕ ಮಾತ್ರ ಮಾತಾಡಿ. ಗಾಜಾ ವಾದಕ್ಕೆ ಬೇರೆ ಜಾಗ ಇದೆ.

ಥೇಮ್ಸ್ ದಡದವ:

ಬೆಲ್‌ಗ್ರೇವ್ ಅವರೇ, ಆಶ್‌ವರ್ತ್ ಸೋಲು ದೊಡ್ಡದೇ. ಆದರೆ ಅದೇ ಸಿಟ್ಟು ಬೇರೆ ಕಡೆ ಯಾರ ಮೇಲೆ ಬಿತ್ತು ನೋಡಿ. 2023ರ ನವೆಂಬರ್‌ನಲ್ಲಿ ಕದನ ವಿರಾಮದ ತಿದ್ದುಪಡಿಗೆ ಪಕ್ಷದ ಆದೇಶ ಮೀರಿ 56 ಲೇಬರ್ ಸಂಸದರು ವೋಟು ಹಾಕಿದರು. ಜೆಸ್ ಫಿಲಿಪ್ಸ್ ಅದಕ್ಕಾಗಿ ಛಾಯಾ ಸಚಿವೆ ಹುದ್ದೆಯನ್ನೇ ಬಿಟ್ಟರು. ಬ್ರಾಡ್‌ಫರ್ಡ್ ವೆಸ್ಟ್‌ನ ನಾಜ್ ಶಾ ಕೂಡ ಬಿಟ್ಟರು. ಸ್ಟಾರ್ಮರ್ ಮಾತನ್ನು ಮೀರಿ ಹುದ್ದೆ ಕಳೆದುಕೊಂಡವರು ಇವರು. ಎಂಟು ತಿಂಗಳಾದ ಮೇಲೆ ಯಾರ ಅಂತರ ಎಷ್ಟಾಯಿತು? ಫಿಲಿಪ್ಸ್ 10,659ರಿಂದ 693ಕ್ಕೆ. ನಾಜ್ ಶಾ 27,019ರಿಂದ 707ಕ್ಕೆ. ನಾಯಕನಿಗೆ ಎದುರು ನಿಂತವರಿಗೂ ಅದೇ ಬರೆ. ಅಂದರೆ ಮತದಾರ ನೋಡಿದ್ದು ಮೇಲಿನ ಬಣ್ಣವನ್ನು, ಒಳಗಿನ ಜಗಳವನ್ನಲ್ಲ. ಇದನ್ನು ನೋಡಿದ ಮುಂದಿನ ಸಂಸದ ಏನು ಯೋಚಿಸುತ್ತಾನೆ? ನಾಯಕನನ್ನು ಎದುರಿಸಿದರೂ ಸೀಟು ಹೋಗುತ್ತದೆ, ಎದುರಿಸದಿದ್ದರೂ ಹೋಗುತ್ತದೆ. ಹಾಗಿದ್ದ ಮೇಲೆ ಹುದ್ದೆಯನ್ನಾದರೂ ಉಳಿಸಿಕೊಳ್ಳೋಣ ಅಂತ.

ನಿಮ್ಮ ಪಕ್ಕದ ಸೀಟಿನ ವಿಷಯವನ್ನೂ ನೀವೇ ಹೇಳಿ.

ಬೆಲ್‌ಗ್ರೇವ್ ರೋಡ್:

ಲೆಸ್ಟರ್ ಈಸ್ಟ್ ತಾನೆ? ಹೇಳುತ್ತೇನೆ, ಅದರಲ್ಲೇನು. ಅದು ಪೂರ್ತಿ ಕಲಸುಮೇಲೋಗರ. ಲೇಬರ್‌ನ ಅಧಿಕೃತ ಅಭ್ಯರ್ಥಿ ಒಬ್ಬರು. ಹಿಂದೆ ಲೇಬರ್ ಸಂಸದೆ ಆಗಿ ಪಕ್ಷದಿಂದ ಹೊರಬಿದ್ದ ಕ್ಲೌಡಿಯಾ ವೆಬ್ ಪಕ್ಷೇತರ. ಅದಕ್ಕೂ ಮುಂಚೆ ಮೂವತ್ತೆರಡು ವರ್ಷ ಇಲ್ಲಿಂದಲೇ ಗೆಲ್ಲುತ್ತಿದ್ದ ಕೀತ್ ವಾಜ್ ಇನ್ನೊಂದು ಚಿಹ್ನೆಯಲ್ಲಿ. ಎಲ್ಲರೂ ಸೇರಿ ಹಳೆಯ ಲೇಬರ್ ಮತವನ್ನು ಚೂರುಚೂರು ಮಾಡಿದರು. ಕನ್ಸರ್ವೇಟಿವ್‌ನ ಶಿವಾನಿ ರಾಜಾ 4,426 ಅಂತರದಿಂದ ಗೆದ್ದರು. ಅವರ ಪಕ್ಷ ದೇಶದ ತುಂಬ ಕುಸಿದು 121 ಸೀಟಿಗೆ ಬಂದ ದಿನ, ಲೇಬರ್ ಕೈಯಿಂದ ಕಿತ್ತುಕೊಂಡ ಒಂದೇ ಸೀಟು ಇದು.

ಆದರೂ ನನ್ನ ಮಾತು ಬದಲಾಗುವುದಿಲ್ಲ. ಲೆಸ್ಟರ್ ಸೌತ್‌ನಲ್ಲಿ ಎಲ್ಲರೂ ಒಬ್ಬ ಪಕ್ಷೇತರನ ಹಿಂದೆ ನಿಂತರು, ಗೆದ್ದರು. ಈಸ್ಟ್‌ನಲ್ಲಿ ಹರಿದು ಹಂಚಿಹೋದರು, ಸೋತರು. ತಂತ್ರದಲ್ಲಿ ತಪ್ಪಿಲ್ಲ, ಒಗ್ಗಟ್ಟಿನಲ್ಲಿ ತಪ್ಪಿದೆ. ಮತ್ತೆ 2025ರ ಸೆಪ್ಟೆಂಬರ್‌ನಲ್ಲಿ ಇದೇ ಸ್ಟಾರ್ಮರ್ ಸರ್ಕಾರ ಪ್ಯಾಲೆಸ್ಟೀನ್‌ಗೆ ಮಾನ್ಯತೆ ಕೊಟ್ಟಿತಲ್ಲ. ಆ 979, 528, 693 ಅನ್ನುವ ಅಂಕಿಗಳು ಯಾರಿಗೂ ನೆನಪಿರಲಿಲ್ಲ ಅಂತೀರಾ?

ಥೇಮ್ಸ್ ದಡದವ:

ನೆನಪಿತ್ತು ಅಂತಲೇ ಇಟ್ಟುಕೊಳ್ಳಿ. ಕೆನಡಾ, ಆಸ್ಟ್ರೇಲಿಯಾ ಕೂಡ ಅದೇ ದಿನ ಮಾನ್ಯತೆ ಕೊಟ್ಟವು, ಅಲ್ಲಿ ಲೆಸ್ಟರ್ ಇಲ್ಲ. ಆದರೆ ನೀವು ಹೇಳಿದ್ದರಲ್ಲಿ ಒಂದು ಅಂಶ ನನಗೂ ಮುಖ್ಯ ಅನ್ನಿಸುತ್ತದೆ. 2024ರಲ್ಲಿ ಲೇಬರ್ ಗೆಲ್ಲುವುದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಲೇಬರ್‌ಗೆ ಏಟು ಕೊಟ್ಟರೆ ಕನ್ಸರ್ವೇಟಿವ್ ವಾಪಸ್ ಬರುತ್ತದೆ ಎನ್ನುವ ಹೆದರಿಕೆ ಇರಲಿಲ್ಲ. ಸಿಟ್ಟು ತೀರಿಸಿಕೊಳ್ಳುವುದಕ್ಕೆ ಅಂದು ಖರ್ಚು ಕಡಿಮೆ. 2019ರಲ್ಲಿ ಹಳೇ ಲೇಬರ್ ಅವರು ಕೊಟ್ಟ ಬೆಲೆ ಜಾನ್ಸನ್‌ಗೆ 365 ಸೀಟು.

ಹಳೇ ಲೇಬರ್:

ಆ ಬೆಲೆ ಗೊತ್ತಿದ್ದೇ ಕೊಟ್ಟಿದ್ದು. ಐದು ವರ್ಷ ಕಾದೆವು, 2024ರಲ್ಲಿ 411 ಸೀಟು ಬಂತು. ಕಾರ್ಬಿನ್ ಇದ್ದಿದ್ದರೆ ಬರುತ್ತಿತ್ತಾ?

ಅಂಕಿ ಸಂಖ್ಯೆ:

411 ಸೀಟು ಬಂದಿದ್ದು 33.7 ಶೇಕಡಾ ಮತಕ್ಕೆ. ಕಾರ್ಬಿನ್ 2017ರಲ್ಲಿ 40 ಶೇಕಡಾ ತೆಗೆದುಕೊಂಡು 262 ಸೀಟಿಗೆ ನಿಂತರು. ನಾಯಕನ ಗುಣಕ್ಕಿಂತ ಎದುರಾಳಿಯ ಮತ ಒಡೆದಿದ್ದು ಜಾಸ್ತಿ ಕೆಲಸ ಮಾಡಿದೆ. ಸುಮ್ನೆ ಹೇಳಿದೆ.

ಉತ್ತರದ ಚಳಿ:

ಅಬರ್ಡೀನ್‌ನಿಂದ ನಮಸ್ಕಾರ. ಲಂಡನ್ನಿನವರು ಸ್ಕಾಟ್ಲೆಂಡ್ ಮರೆಯುವುದು ಹೊಸದಲ್ಲ. 2017ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ, ಅಂದರೆ ಲಂಡನ್ನಿನ ಸಂಸತ್ತಿನಲ್ಲಿ, ಎಸ್‌ಎನ್‌ಪಿ (ಸ್ವತಂತ್ರ ಸ್ಕಾಟ್ಲೆಂಡ್ ಬೇಕೆನ್ನುವ ಸ್ಕಾಟಿಷ್ ನ್ಯಾಷನಲ್ ಪಾರ್ಟಿ) ನಾಯಕ ಆಂಗಸ್ ರಾಬರ್ಟ್‌ಸನ್. ಬುಧವಾರದ ಪ್ರಶ್ನೋತ್ತರದಲ್ಲಿ ಥೆರೆಸಾ ಮೇ ಅವರನ್ನು ಕಾರ್ಬಿನ್‌ಗಿಂತ ಚೆನ್ನಾಗಿ ಕಾಡುತ್ತಾರೆ ಎಂದು ಹೆಸರಾಗಿದ್ದವರು. ಮೊರೆ ಕ್ಷೇತ್ರದಲ್ಲಿ ಅವರ ಅಂತರ 9,065 ಇತ್ತು. ಕನ್ಸರ್ವೇಟಿವ್ ಪಕ್ಷದ ಡಗ್ಲಸ್ ರಾಸ್ ಅವರನ್ನು 4,159 ಮತಗಳಿಂದ ಸೋಲಿಸಿದರು. ಪಕ್ಕದ ಗಾರ್ಡನ್‌ನಲ್ಲಿ ಅಲೆಕ್ಸ್ ಸಾಲ್ಮಂಡ್, ಎಸ್‌ಎನ್‌ಪಿಯ ದೊಡ್ಡಣ್ಣ, ಅವರೂ ಹೋದರು.

ಗಾರ್ಡನ್ ಗಮನಿಸಿ. ಅಲ್ಲಿ 2015ರಲ್ಲಿ ಎರಡನೇ ಸ್ಥಾನ ಲಿಬರಲ್ ಡೆಮಾಕ್ರಾಟರದ್ದು. ಹಳೆಯ ಲೆಕ್ಕ ನೋಡಿದ್ದರೆ ಅವರಿಗೇ ಹಾಕಬೇಕಿತ್ತು. ಜನ ಹಾಗೆ ಮಾಡಲಿಲ್ಲ. 2016ರ ಸ್ಕಾಟಿಷ್ ಸಂಸತ್ತಿನ ಚುನಾವಣೆ, ಮತ್ತೆ ಒಂದು ತಿಂಗಳ ಹಿಂದಿನ ಕೌನ್ಸಿಲ್ ಚುನಾವಣೆ ನೋಡಿ ಗಾಳಿ ಕನ್ಸರ್ವೇಟಿವ್ ಕಡೆ ಇದೆ ಎಂದು ಅರ್ಥ ಮಾಡಿಕೊಂಡರು. ಯಾವ ವೆಬ್‌ಸೈಟೂ ಬೇಕಾಗಲಿಲ್ಲ. ಎರಡನೇ ಸ್ವಾತಂತ್ರ್ಯ ಜನಮತಗಣನೆ ಬೇಡ, ಅಷ್ಟೇ ವಿಷಯ. ಚುನಾವಣೆ ನಡೆದ ಅದೇ ಜೂನ್ 27ರಂದು ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥೆ, ಎಸ್‌ಎನ್‌ಪಿಯ ನಿಕೊಲಾ ಸ್ಟರ್ಜನ್ ಜನಮತಗಣನೆಯ ಯೋಜನೆಯನ್ನು ಮುಂದಕ್ಕೆ ಹಾಕಿದರು. ಥೇಮ್ಸ್ ಅವರೇ, ಇಲ್ಲಿ ಎಮ್ಮೆ ಯಾವುದು, ಎತ್ತು ಯಾವುದು?

ಥೇಮ್ಸ್ ದಡದವ:

ಇಲ್ಲಿ ಎತ್ತಿಗೇ ಬಿತ್ತು, ಅನುಮಾನವೇ ಇಲ್ಲ. ಯಾಕೆ ಬಿತ್ತು ಅಂದರೆ, ಆ ವಿಷಯದಲ್ಲಿ ಎಸ್‌ಎನ್‌ಪಿಯ ಒಳಗೆ ಭಿನ್ನಮತ ಇರಲಿಲ್ಲ. ನಾಯಕನೂ ಅದೇ, ಕಾರ್ಯಕರ್ತನೂ ಅದೇ. ಯಾರಿಗೆ ಹೊಡೆದರೂ ಅದೇ ನಿಲುವಿಗೆ ಏಟು. ಲೇಬರ್‌ನಲ್ಲಿ ಹಾಗಲ್ಲ, ಒಂದೇ ಚಿಹ್ನೆಯ ಕೆಳಗೆ ನಾಲ್ಕು ಪಕ್ಷ.

ಹೊಸದಾಗಿ ಬಂದವಳು:

ಇನ್ನೊಂದು ಪ್ರಶ್ನೆ, ಬೈಯಬೇಡಿ. ನಾನು ಕೆಲಸದ ವೀಸಾದಲ್ಲಿ ಇದ್ದೇನೆ, ಪಾಸ್‌ಪೋರ್ಟ್ ಇನ್ನೂ ಇಂಡಿಯಾದ್ದೇ. ಇದರಲ್ಲಿ ನನಗೆ ವೋಟು ಇದೆಯಾ, ಅಥವಾ ಸುಮ್ನೆ ಓದುತ್ತಾ ಇದ್ದೇನಾ?

ಪಟ್ನಿ ಸೇತುವೆ:

ಇದೆ ಅಕ್ಕಾ. ಕಾಮನ್‌ವೆಲ್ತ್ ದೇಶದವರು ಇಲ್ಲಿ ವಾಸವಿದ್ದು ಸರಿಯಾದ ವೀಸಾ ಇದ್ದರೆ ಸಾರ್ವತ್ರಿಕ ಚುನಾವಣೆಯಲ್ಲೂ ಹಾಕಬಹುದು, ನಾಗರಿಕತ್ವ ಬೇಕಿಲ್ಲ. ಹೆಸರು ನೋಂದಣಿ ಆನ್‌ಲೈನ್‌ನಲ್ಲೇ ಆಗುತ್ತದೆ. ಮತದಾನಕ್ಕೆ 12 ಕೆಲಸದ ದಿನ ಮುಂಚೆ ಮುಗಿಸಿರಬೇಕು. ಮತಗಟ್ಟೆಯಲ್ಲಿ ಈಗ ಫೋಟೋ ಗುರುತು ಕೇಳುತ್ತಾರೆ, ಇಂಡಿಯಾದ ಪಾಸ್‌ಪೋರ್ಟ್ ನಡೆಯುತ್ತದೆ. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಸಮಯ. ಬಾಗಿಲಲ್ಲಿ ಬ್ಯಾಡ್ಜ್ ಹಾಕಿಕೊಂಡು ಕುರ್ಚಿಯಲ್ಲಿ ಕೂತು ನಿಮ್ಮ ನಂಬರ್ ಕೇಳುವವರು ಪಕ್ಷದವರು, ಅಧಿಕಾರಿಗಳಲ್ಲ. ಹೇಳಲೇಬೇಕು ಅಂತ ಇಲ್ಲ. ನೋಟಾ ಹುಡುಕಬೇಡಿ, ಇಲ್ಲ.

ರೆಡಿಂಗ್ ರಾಗಿಮುದ್ದೆ:

ನಾಯಕನನ್ನು ಬದಲಾಯಿಸಬೇಕು ಅಂದರೆ ಪಕ್ಷದ ಸದಸ್ಯತ್ವ ತೆಗೆದುಕೊಳ್ಳುವುದೇ ಸರಿಯಾದ ದಾರಿ ಅಲ್ವಾ? ವೋಟು ಹಾಕಿ ಎಮ್ಮೆಗೆ ಬರೆ ಎಳೆಯುವುದಕ್ಕಿಂತ.

ಅಂಕಿ ಸಂಖ್ಯೆ:

ಆ ದಾರಿಯಲ್ಲೂ ತಂತ್ರ ಮಾಡಿದ್ದಾರೆ, ಕೇಳಿ. 2015ರಲ್ಲಿ ಲೇಬರ್ ನಾಯಕನ ಆಯ್ಕೆಗೆ 3 ಪೌಂಡ್ ಕೊಟ್ಟು ಬೆಂಬಲಿಗ ಎಂದು ಹೆಸರು ಬರೆಸಿದರೆ ಸಾಕಿತ್ತು, ವೋಟು ಸಿಗುತ್ತಿತ್ತು. ಕೆಲವು ಕನ್ಸರ್ವೇಟಿವ್ ಬೆಂಬಲಿಗರು ಇದನ್ನೇ ಹಿಡಿದರು. ಕಾರ್ಬಿನ್ ನಾಯಕ ಆದರೆ ಲೇಬರ್ ಮುಳುಗುತ್ತದೆ, 3 ಪೌಂಡ್ ಕೊಡಿ, ಅವರಿಗೆ ಹಾಕಿ ಎಂದು ಟ್ವಿಟರ್‌ನಲ್ಲಿ ಅಭಿಯಾನ ನಡೆಸಿದರು. ಕಾರ್ಬಿನ್ 59.5 ಶೇಕಡಾ ತೆಗೆದುಕೊಂಡು ಗೆದ್ದರು. ಅವರ 3 ಪೌಂಡ್ ಅಗತ್ಯವೇ ಇರಲಿಲ್ಲ, ಪೂರ್ಣ ಸದಸ್ಯರಲ್ಲೂ 49.6 ಶೇಕಡಾ ಅವರಿಗೇ ಬಿದ್ದಿತ್ತು. ಎರಡು ವರ್ಷ ಆದ ಮೇಲೆ ಅದೇ ಕಾರ್ಬಿನ್ ಥೆರೆಸಾ ಮೇ ಅವರ ಬಹುಮತ ಕಿತ್ತುಕೊಂಡರು. 2016ರ ಆಯ್ಕೆಗೆ ಆ ಶುಲ್ಕವನ್ನು 25 ಪೌಂಡ್ ಮಾಡಿದರು.

ಹಳೇ ಲೇಬರ್:

25 ನಾನೂ ಕೊಟ್ಟಿದ್ದೆ, ಅವರ ವಿರುದ್ಧ ಹಾಕಲು. 61.8 ಬಂತು ಅಂತ ಮೇಲೆ ಬರೆದೆನಲ್ಲ.